ಅಮೆರಿಕದ ಎಚ್ಚರಿಕೆ ಚೌಕಟ್ಟು ಕಳಚಿತು: ಮುಟ್ಟು ನಿಲ್ಲುವ ವಯಸ್ಸಿನ ನಮ್ಮ ಹೆಂಗಸರಿಗೆ ಇದರಿಂದ ಏನು?

2025ರ ನವೆಂಬರ್ 10ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಂದು ಮಹತ್ವದ ನಿರ್ಧಾರವನ್ನು ಪ್ರಕಟಿಸಿತು. ಮುಟ್ಟು ನಿಂತ ಹೆಂಗಸರಿಗೆ ಕೊಡುವ ಹಾರ್ಮೋನು ಔಷಧಿಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅಚ್ಚಾಗುತ್ತ ಬಂದಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯಿಸುವುದೇ ಆ ನಿರ್ಧಾರ. ಹೃದಯರೋಗ, ಸ್ತನದ ಕ್ಯಾನ್ಸರ್, ಮರೆವಿನ ರೋಗ ಇವುಗಳ ಭಯವನ್ನು ಆ ಚೌಕಟ್ಟು ಸಾರುತ್ತಿತ್ತು. ಸುದ್ದಿ ಕಡಲು ದಾಟಿ ನಮ್ಮಲ್ಲಿಗೂ ಬಂತು. ಕೆಲವರು ಇದನ್ನು ಹೆಂಗಸರಿಗೆ ಸಿಕ್ಕ ಬಿಡುಗಡೆ ಎಂದರು. ಇನ್ನು ಕೆಲವರು ಔಷಧಿ ಕಂಪೆನಿಗಳ ಗೆಲುವು ಎಂದರು.

ಎರಡು ಮಾತುಗಳಲ್ಲಿಯೂ ತುಸು ಸತ್ಯ ಇರಬಹುದು. ಆದರೆ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮನೆಗಳಲ್ಲಿ ನಲವತ್ತೈದು ದಾಟಿದ ತಾಯಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ರಾತ್ರಿ ಎರಡು ಗಂಟೆಗೆ ಬೆವರಿ ಎದ್ದು ಕುಳಿತವಳಿಗೆ ಬೇಕಾದುದು ಇಷ್ಟೇ: ನನಗೆ ಆಗುತ್ತಿರುವುದೇನು, ಇದಕ್ಕೆ ಮದ್ದು ಇದೆಯೇ, ಆ ಮದ್ದು ನನಗೆ ಹಿಡಿಸೀತೇ? ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಅಮೆರಿಕದ ನಿರ್ಧಾರವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಹೆಸರೇ ಹೇಳದ ಸಂಗತಿ

ಮೊದಲಾಗಿ ಮಾತಿನ ತೊಡಕು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಋತುಬಂಧ ಎನ್ನುತ್ತಾರೆ. ಮನೆಯಲ್ಲಿ ಮುಟ್ಟು ನಿಂತಿತು ಎನ್ನುತ್ತಾರೆ. ಆಸ್ಪತ್ರೆಯ ಗೋಡೆಯ ಮೇಲಿನ ಮಲೆಯಾಳ ಬರಹದಲ್ಲಿ ಇದೇ ‘ಆರ್ತವವಿರಾಮಂ’ ಆಗುತ್ತದೆ. ಮೂರೂ ಒಂದೇ ಎಂದು ತಿಳಿಯದ ಹೆಂಗಸರು ನಮ್ಮಲ್ಲಿ ಕಡಿಮೆಯೇನಲ್ಲ. ಹುಡುಗಿ ದೊಡ್ಡವಳಾದಾಗ ನಾಲ್ಕು ಮಂದಿಗೆ ತಿಳಿಯುತ್ತದೆ, ಹೆರಿಗೆಯಾದಾಗ ಊರಿಗೇ ತಿಳಿಯುತ್ತದೆ. ಮುಟ್ಟು ನಿಲ್ಲುವಾಗ ಮಾತ್ರ ಪಕ್ಕದಲ್ಲಿ ಮಲಗಿದ ಗಂಡನಿಗೂ ತಿಳಿಯುವುದಿಲ್ಲ.

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು ಸುಮಾರು 51. ಭಾರತದಲ್ಲಿ 46-47 ಎಂದು ಅಧ್ಯಯನಗಳು ಹೇಳುತ್ತವೆ. ಎಂದರೆ ನಮ್ಮ ಹೆಂಗಸರು ನಾಲ್ಕೈದು ವರ್ಷ ಮೊದಲೇ ಈ ಹೊಸಿಲು ದಾಟುತ್ತಾರೆ. ದಾಟುವ ಮೊದಲಿನ ಕೆಲವು ವರ್ಷಗಳಲ್ಲಿಯೇ ತೊಂದರೆ ಆರಂಭವಾಗುತ್ತದೆ. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ.

ಇದರ ಮೂಲ ಅಂಡಾಶಯದಲ್ಲಿದೆ. ಅಲ್ಲಿನ ಅಂಡಗಳ ಸಂಗ್ರಹ ತೀರುತ್ತ ಬಂದಂತೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ಉತ್ಪತ್ತಿ ಇಳಿಯುತ್ತದೆ. ಮಿದುಳಿನಲ್ಲಿ ಮೈಯ ಉಷ್ಣತೆಯನ್ನು ಹತೋಟಿಯಲ್ಲಿಡುವ ಒಂದು ಕೇಂದ್ರವಿದೆ. ಈಸ್ಟ್ರೋಜನ್ ಇಳಿದಾಗ ಆ ಕೇಂದ್ರ ಅತಿ ಸೂಕ್ಷ್ಮವಾಗುತ್ತದೆ. ಸ್ವಲ್ಪ ಬಿಸಿ ಹೆಚ್ಚಿದರೂ ಅದು ಮೈಯೆಲ್ಲ ಕಾದಂತೆ ಭಾವಿಸಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರು ಹರಿಸುತ್ತದೆ. ಎದೆಯಿಂದ ಮುಖಕ್ಕೆ ಬಿಸಿ ಏರುವುದು, ಎದೆ ಡವಗುಟ್ಟುವುದು, ಮರುಗಳಿಗೆಯಲ್ಲಿ ಚಳಿಯಾಗುವುದು ಇವೆಲ್ಲ ಇದರ ಪರಿಣಾಮ. ಇದು ‘ಉಷ್ಣ’ವೂ ಅಲ್ಲ, ‘ಪಿತ್ತ ಏರಿದ್ದೂ’ ಅಲ್ಲ. ಮನಸ್ಸಿನ ಕಲ್ಪನೆಯಂತೂ ಅಲ್ಲವೇ ಅಲ್ಲ.

ಇದರ ಜೊತೆಗೆ ನಿದ್ದೆಗೇಡು, ಗಂಟುನೋವು, ದಣಿವು, ಸಣ್ಣ ಮಾತಿಗೂ ಕೋಪ ಅಥವಾ ಅಳು, ಮಾತಿನ ನಡುವೆ ಪದ ಮರೆಯುವುದು, ಯೋನಿ ಒಣಗಿ ಉರಿಯುವುದು, ಪದೇ ಪದೇ ಮೂತ್ರದ ಸೋಂಕು. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ನಮ್ಮ ದೇಶದ ಹೆಂಗಸರು ಮೈಬಿಸಿಗಿಂತ ಹೆಚ್ಚಾಗಿ ಗಂಟುನೋವು ಮತ್ತು ದಣಿವನ್ನು ಹೇಳಿಕೊಳ್ಳುತ್ತಾರೆ ಎಂಬುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಆದುದರಿಂದಲೇ ಬೀಡಿ ಕಟ್ಟುವ, ಅಡಿಕೆ ಸುಲಿಯುವ ಹೆಂಗಸಿನ ಬೆನ್ನು ನೋವನ್ನು ಕೆಲಸದ ನೋವೆಂದು ತಳ್ಳಿಹಾಕುವುದು ಸುಲಭವಾಗುತ್ತದೆ. ಕೆಲಸದ್ದೂ ಇರಬಹುದು, ವಯಸ್ಸಿನದ್ದೂ ಇರಬಹುದು; ನೋಡದೆ ಹೇಳುವಂತಿಲ್ಲ.

ಇದು ಎಷ್ಟು ದಿನ? ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಅನುಸರಿಸಿದ ಒಂದು ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅದರಂತೆ ಮೇಲಿಂದ ಮೇಲೆ ಮೈಬಿಸಿಯಾಗುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕೂ ಮಿಕ್ಕಿ ಮುಂದುವರಿಯಿತು. ಎರಡು ತಿಂಗಳು ಸಹಿಸಿಕೋ ಎನ್ನುವವರು ಈ ಏಳು ವರ್ಷವನ್ನು ನೆನಪಿಡಬೇಕು. ತರಗತಿಯಲ್ಲಿ ನಿಂತು ಪಾಠ ಹೇಳುವವಳಿಗೂ, ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವವಳಿಗೂ ಏಳು ವರ್ಷ ಸಣ್ಣ ಅವಧಿಯಲ್ಲ.

ಹೊಗಳಿಕೆಯಿಂದ ಭಯಕ್ಕೆ

ಇಳಿದ ಹಾರ್ಮೋನನ್ನು ಹೊರಗಿನಿಂದ ತುಂಬಿ ಕೊಡುವುದೇ ಹಾರ್ಮೋನು ಚಿಕಿತ್ಸೆ. ಇದು ಹೊಸದಲ್ಲ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಗುಳಿಗೆ ‘ಪ್ರೆಮರಿನ್’ ಅಮೆರಿಕದಲ್ಲಿ 1942ರಲ್ಲಿಯೇ ಮಾರಾಟಕ್ಕೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ, ಈ ಗುಳಿಗೆ ತಿಂದರೆ ಹೆಣ್ಣು ಸದಾ ಹೆಣ್ಣಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಪುಸ್ತಕ ಬರೆದು ಪ್ರಸಿದ್ಧನಾದ. ಮುಟ್ಟು ನಿಲ್ಲುವುದೆಂದರೆ ಹೆಣ್ತನವೇ ಮುಗಿಯುವುದು ಎಂಬ ಭಾವನೆಯನ್ನು ಆ ಪುಸ್ತಕ ಬಿತ್ತಿತು. ಗುಳಿಗೆಯ ಮಾರಾಟ ಏರಿತು.

1975ರಲ್ಲಿ ಮೊದಲ ಪೆಟ್ಟು ಬಿತ್ತು. ಈಸ್ಟ್ರೋಜನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಎಂದು ತಿಳಿದುಬಂತು. ಕಾರಣ ಸರಳ: ಈಸ್ಟ್ರೋಜನ್ ಆ ಪದರವನ್ನು ಬೆಳೆಸುತ್ತಲೇ ಇರುತ್ತದೆ, ಅದನ್ನು ತಡೆಯಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬೇಕು. ಅಂದಿನಿಂದ ಗರ್ಭಕೋಶ ಇರುವವರಿಗೆ ಎರಡನ್ನೂ ಕೂಡಿಸಿಯೇ ಕೊಡಬೇಕು, ಗರ್ಭಕೋಶ ತೆಗೆಸಿಕೊಂಡವರಿಗೆ ಮಾತ್ರ ಈಸ್ಟ್ರೋಜನ್ ಒಂದೇ ಸಾಕು ಎಂಬ ನಿಯಮವಾಯಿತು. ಈ ನಿಯಮ ಇಂದಿಗೂ ಬದಲಾಗಿಲ್ಲ.

ಆ ಬಳಿಕ ಔಷಧಿಗೆ ಮತ್ತೆ ಬೆಲೆ ಬಂತು. ಹೃದಯವನ್ನು ಕಾಯುತ್ತದೆ, ಮರೆವನ್ನು ತಡೆಯುತ್ತದೆ ಎಂಬ ನಂಬಿಕೆ ಹಬ್ಬಿತು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 9 ಕೋಟಿ ಚೀಟಿಗಳನ್ನು ವೈದ್ಯರು ಬರೆಯುವಷ್ಟು ಅದು ಬೆಳೆಯಿತು. ಈ ನಂಬಿಕೆ ನಿಜವೇ ಎಂದು ಪರೀಕ್ಷಿಸಲು ಅಲ್ಲಿನ ಸರಕಾರ 1991ರಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಬೃಹತ್ ಅಧ್ಯಯನವನ್ನು ಆರಂಭಿಸಿತು. ಅದರ ಒಂದು ಭಾಗದಲ್ಲಿ 16,608 ಹೆಂಗಸರು ಭಾಗವಹಿಸಿದರು. ಕೆಲವರಿಗೆ ಎರಡೂ ಹಾರ್ಮೋನು ಕೂಡಿದ ಗುಳಿಗೆ, ಉಳಿದವರಿಗೆ ಔಷಧಿಯಿಲ್ಲದ ಪೊಳ್ಳು ಗುಳಿಗೆ. ಯಾರಿಗೆ ಯಾವುದೆಂದು ಅವರಿಗೆ ತಿಳಿಸಿರಲಿಲ್ಲ.

2002ರ ಜುಲೈಯಲ್ಲಿ ಈ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಸ್ತನದ ಕ್ಯಾನ್ಸರ್ ಶೇಕಡಾ 26ರಷ್ಟು ಹೆಚ್ಚು ಎಂದು ಜಗತ್ತಿನ ಪತ್ರಿಕೆಗಳೆಲ್ಲ ದಪ್ಪಕ್ಷರದಲ್ಲಿ ಬರೆದುವು. ಲಕ್ಷಗಟ್ಟಲೆ ಹೆಂಗಸರು ಗುಳಿಗೆಯನ್ನು ಒಂದೇ ದಿನಕ್ಕೆ ಎಸೆದರು. ವೈದ್ಯರೂ ಬರೆಯಲು ಅಂಜಿದರು. ಎಚ್ಚರಿಕೆಯ ಚೌಕಟ್ಟು ಬಂದುದು ಇದರ ಬೆನ್ನಲ್ಲೇ, 2003ರಲ್ಲಿ.

ಶೇಕಡಾ ಲೆಕ್ಕದ ಮೋಸ

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಶೇಕಡಾ 26 ಎಂಬ ಅಂಕಿ ಸುಳ್ಳಲ್ಲ. ಆದರೆ ಯಾವುದರ ಶೇಕಡಾ 26 ಎಂದು ಕೇಳದೆ ಅದನ್ನು ಓದಿದರೆ, ನೂರರಲ್ಲಿ ಇಪ್ಪತ್ತಾರು ಹೆಂಗಸರಿಗೆ ಕ್ಯಾನ್ಸರ್ ಬರುತ್ತದೆಂದು ಯಾರೂ ಹೆದರಿಯಾರು. ಎಂಟನೆಯ ತರಗತಿಯ ಮಕ್ಕಳಿಗೆ ಶೇಕಡಾವಾರು ಲೆಕ್ಕ ಕಲಿಸುವಾಗ ನಾವು ಮೊದಲು ಹೇಳುವುದೇ ಇದನ್ನು: ಮೂಲ ಸಂಖ್ಯೆಯನ್ನು ನೋಡು.

ಮೂಲ ಸಂಖ್ಯೆ ಹೀಗಿದೆ. ಹತ್ತು ಸಾವಿರ ಹೆಂಗಸರು ಒಂದು ವರ್ಷ ಪೊಳ್ಳು ಗುಳಿಗೆ ತಿಂದರೆ 30 ಮಂದಿಗೆ ಸ್ತನದ ಕ್ಯಾನ್ಸರ್ ಕಂಡಿತು. ಹಾರ್ಮೋನು ತಿಂದವರಲ್ಲಿ 38 ಮಂದಿಗೆ. ಹೃದಯಾಘಾತದಂಥ ತೊಂದರೆ 30ರ ಬದಲು 37. ಪಾರ್ಶ್ವವಾಯು 21ರ ಬದಲು 29. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8ರ ಬದಲು 16. ಇನ್ನೊಂದು ಬದಿಯಲ್ಲಿ, ಸೊಂಟದ ಎಲುಬು ಮುರಿತ 15ರಿಂದ 10ಕ್ಕೆ ಇಳಿಯಿತು. ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ ಇಳಿಯಿತು.

ಅಪಾಯ ಇದೆ, ಆದರೆ ಹತ್ತು ಸಾವಿರದಲ್ಲಿ ಏಳೆಂಟು. ಲಾಭವೂ ಇದೆ, ಅದೂ ಹತ್ತು ಸಾವಿರದಲ್ಲಿ ಐದಾರು. ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡದವರು ವ್ಯಾಪಾರಿಯೂ ಆಗಲಾರರು, ಗಿರಾಕಿಯೂ ಆಗಲಾರರು.

ಇನ್ನೂ ಒಂದು ಸಂಗತಿ. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು. ಮುಟ್ಟು ನಿಂತು ಹತ್ತು ಹದಿನೈದು ವರ್ಷವಾದ ಬಳಿಕ ಔಷಧಿ ಆರಂಭಿಸಿದವರ ಫಲಿತಾಂಶವನ್ನು ನಲವತ್ತೆಂಟರ ಹೆಂಗಸಿಗೆ ಅನ್ವಯಿಸಿದ್ದೇ ದೊಡ್ಡ ಅನ್ಯಾಯವಾಯಿತು. 2007ರಲ್ಲಿ ಅದೇ ಅಂಕಿಗಳನ್ನು ವಯಸ್ಸಿನಂತೆ ವಿಂಗಡಿಸಿ ನೋಡಿದಾಗ, ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸಿದವರಲ್ಲಿ ಹೃದಯರೋಗದ ಹೆಚ್ಚಳ ಕಾಣಲಿಲ್ಲ. ಮರೆವಿನ ರೋಗದ ಎಚ್ಚರಿಕೆ ಬಂದುದೂ 65 ದಾಟಿದ ಮೇಲೆ ಔಷಧಿ ಆರಂಭಿಸಿದವರನ್ನು ನೋಡಿಯೇ. 2017ರಲ್ಲಿ ಪ್ರಕಟವಾದ ಹದಿನೆಂಟು ವರ್ಷಗಳ ಅನುಸರಣೆಯಲ್ಲಿ, ಔಷಧಿ ತಿಂದವರ ಮತ್ತು ತಿನ್ನದವರ ಒಟ್ಟು ಮರಣ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಅಲ್ಲದೆ ಅಂದಿನ ಗುಳಿಗೆ ಒಂದು, ಇಂದಿನ ರೂಪಗಳು ಹಲವು. ಈಗ ಚರ್ಮಕ್ಕೆ ಅಂಟಿಸುವ ಪಟ್ಟಿ, ಹಚ್ಚುವ ಜೆಲ್ ಬಂದಿವೆ. ಬಾಯಿಯಿಂದ ತಿಂದ ಹಾರ್ಮೋನು ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಸೇರಿದರೆ ಆ ಅಪಾಯ ಕಡಿಮೆ. ಯೋನಿಯ ಒಣಗುವಿಕೆಗೆ ಹಚ್ಚುವ ಕಡಿಮೆ ಪ್ರಮಾಣದ ಮುಲಾಮು ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅದರ ಮೇಲೆಯೂ ಪಾರ್ಶ್ವವಾಯು, ಕ್ಯಾನ್ಸರಿನ ಕಪ್ಪು ಚೌಕಟ್ಟನ್ನು ಹಾಕಿದ್ದುದು ಅತಿರೇಕವೇ ಸರಿ. ಅದನ್ನು ತೆಗೆದುದು ನ್ಯಾಯವೆಂದು ಹೆಚ್ಚಿನ ತಜ್ಞರು ಒಪ್ಪುತ್ತಾರೆ.

ಹಾಗಾದರೆ ಎಲ್ಲವೂ ಸುರಕ್ಷಿತವೇ?

ಇಲ್ಲ. ಇಲ್ಲಿಯೇ ಓದುಗರು ಎಚ್ಚರದಿಂದಿರಬೇಕು. ಎಚ್ಚರಿಕೆಯನ್ನು ತೆಗೆದುದು ಎಂದರೆ ಎಲ್ಲರೂ ತಿನ್ನಿರಿ ಎಂದು ಹೇಳಿದಂತಲ್ಲ.

ಮೊದಲನೆಯದು, ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತಿನ್ನಬಾರದೆಂಬ ಎಚ್ಚರಿಕೆಯನ್ನು ಅಮೆರಿಕದ ಆಡಳಿತವೂ ಉಳಿಸಿಕೊಂಡಿದೆ. ಎರಡನೆಯದು, ಸ್ತನದ ಕ್ಯಾನ್ಸರಿನ ಸಂಬಂಧ ಇಲ್ಲವಾಗಿಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿದ ವರದಿಯ ಲೆಕ್ಕ ಹೀಗಿದೆ: ಐವತ್ತನೆಯ ವಯಸ್ಸಿನಲ್ಲಿ ಆರಂಭಿಸಿ ಐದು ವರ್ಷ ಎರಡೂ ಹಾರ್ಮೋನುಗಳನ್ನು ಪ್ರತಿದಿನ ತಿಂದರೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು ಐವತ್ತು ಮಂದಿಗೆ ಒಬ್ಬರಂತೆ ಹೆಚ್ಚುವರಿ ಕ್ಯಾನ್ಸರ್. ಈಸ್ಟ್ರೋಜನ್ ಒಂದೇ ತಿಂದರೆ ಇನ್ನೂರು ಮಂದಿಗೆ ಒಬ್ಬರಂತೆ. ಅಮೆರಿಕದ ದೊಡ್ಡ ಅಧ್ಯಯನದಲ್ಲಿಯಾದರೆ ಈಸ್ಟ್ರೋಜನ್ ಒಂದೇ ತಿಂದವರಲ್ಲಿ ಸ್ತನದ ಕ್ಯಾನ್ಸರ್ ಕಡಿಮೆಯೇ ಕಂಡಿತ್ತು. ಹೀಗೆ ವಿದ್ವಾಂಸರಲ್ಲಿಯೇ ಭಿನ್ನ ಫಲಿತಾಂಶಗಳಿವೆ. ಆದರೆ ಎರಡು ಹಾರ್ಮೋನು ಕೂಡಿ, ಹೆಚ್ಚು ವರ್ಷ ತಿಂದಷ್ಟೂ ಅಪಾಯ ಹೆಚ್ಚು ಎಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ.

ಮೂರನೆಯದು, ನಿರ್ಧಾರವನ್ನು ಕೈಗೊಂಡ ಬಗೆ. 2025ರ ಜುಲೈಯಲ್ಲಿ ಆಡಳಿತವು ತಜ್ಞರ ಒಂದು ಗುಂಪನ್ನು ಕರೆಯಿಸಿ ಮಾತಾಡಿಸಿತು. ಅದು ವಾಡಿಕೆಯ ಸಲಹಾ ಸಮಿತಿಯಾಗಿರಲಿಲ್ಲ. ಅದರಲ್ಲಿದ್ದವರು ಹೆಚ್ಚಾಗಿ ಈ ಚಿಕಿತ್ಸೆಯ ಪರವಾಗಿದ್ದವರೇ ಎಂಬ ಟೀಕೆ ಅಲ್ಲಿಯೇ ಕೇಳಿಬಂತು. ಹಾರ್ಮೋನು ತಿಂದರೆ ಹೃದಯಾಘಾತ ಅರ್ಧಕ್ಕೆ ಇಳಿದೀತು, ಮರೆವಿನ ರೋಗ ಕಡಿಮೆಯಾದೀತು ಎಂದು ಅಧಿಕಾರದಲ್ಲಿದ್ದವರು ಹೇಳಿದುದು ಆಧಾರಕ್ಕಿಂತ ಮುಂದೆ ಹೋದ ಮಾತು ಎಂದು ಅನೇಕ ವಿಜ್ಞಾನಿಗಳು ಆಕ್ಷೇಪಿಸಿದರು. ಅದೇ ದೇಶದ ರೋಗ ತಡೆ ಕಾರ್ಯಪಡೆಯು 2022ರಲ್ಲಿ, ಮುಂದೆ ರೋಗ ಬಾರದಿರಲೆಂದು ಮಾತ್ರ ಈ ಔಷಧಿಯನ್ನು ತಿನ್ನುವುದು ಬೇಡ ಎಂದು ಶಿಫಾರಸು ಮಾಡಿತ್ತು.

ನಮ್ಮ ಜಿಲ್ಲೆಯವರಿಗೆ ಇಂಥ ಸಂಶಯ ಸಹಜ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳಲ್ಲಿ, ಅಪಾಯವಿಲ್ಲ ಎಂಬ ಮಾತನ್ನು ಅಧಿಕಾರದ ಬಾಯಿಯಿಂದ ಕೇಳಿದವರು ನಾವು. ಅದರ ಫಲವನ್ನು ಎಣ್ಮಕಜೆಯಂಥ ಗ್ರಾಮಗಳು ಕಂಡುವು. ಹಾಗೆಂದು ಹಾರ್ಮೋನು ಔಷಧಿಯನ್ನು ಕೀಟನಾಶಕಕ್ಕೆ ಹೋಲಿಸುವುದು ತಪ್ಪಾದೀತು. ಒಂದು ಕೇಳದೆ ಮೇಲೆ ಸುರಿದದ್ದು. ಇನ್ನೊಂದು ಕೇಳಿ ತಿಳಿದು ತೆಗೆದುಕೊಳ್ಳಬಹುದಾದದ್ದು. ಆ ಕಹಿ ಅನುಭವದಿಂದ ಕಲಿಯಬೇಕಾದುದು ಔಷಧಿಯ ಭಯವನ್ನಲ್ಲ, ಪ್ರಶ್ನೆ ಕೇಳುವ ಅಭ್ಯಾಸವನ್ನು. ಯಾರಿಗೆ? ಎಷ್ಟು? ಎಷ್ಟು ಕಾಲ?

ಯಾರಿಗೆ ಸರಿ, ಯಾರಿಗೆ ಸಲ್ಲ

ಮೈಬಿಸಿ, ಬೆವರು, ನಿದ್ದೆಗೇಡಿನಿಂದ ದಿನದ ಬದುಕೇ ಕೆಟ್ಟವರಿಗೆ ಹಾರ್ಮೋನಿಗಿಂತ ಪರಿಣಾಮಕಾರಿಯಾದ ಮದ್ದು ಇಲ್ಲ. ಮೈಬಿಸಿಯ ಸಂಖ್ಯೆ ಸುಮಾರು ಮುಕ್ಕಾಲು ಪಾಲು ಇಳಿಯುತ್ತದೆ. ಎಲುಬಿನ ಸವೆತವೂ ತಗ್ಗುತ್ತದೆ. ಅರುವತ್ತರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸುವವರಲ್ಲಿ, ಬೇರೆ ಅಡ್ಡಿಯಿಲ್ಲದಿದ್ದರೆ, ಲಾಭದ ತಟ್ಟೆಯೇ ಸಾಮಾನ್ಯವಾಗಿ ಭಾರ. ಅಗತ್ಯವಿರುವಷ್ಟು ಪ್ರಮಾಣ, ಅಗತ್ಯವಿರುವಷ್ಟು ಕಾಲ, ವರ್ಷಕ್ಕೊಮ್ಮೆ ವೈದ್ಯರಲ್ಲಿ ಮರುವಿಚಾರ: ಇದು ಇಂದು ಒಪ್ಪಿತವಾದ ಕ್ರಮ.

ಸ್ತನದ ಕ್ಯಾನ್ಸರ್ ಆದವರು, ಹಿಂದೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ತೀವ್ರ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಈ ಗುಳಿಗೆಗಳ ಗೊಡವೆಗೆ ಹೋಗಬಾರದು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಇರುವವರು ಮೊದಲು ಅವನ್ನು ಹತೋಟಿಗೆ ತಂದು ವೈದ್ಯರ ಮಾತಿನಂತೆ ನಡೆಯಬೇಕು. ನೆರೆಮನೆಯವಳಿಗೆ ಹಿಡಿಸಿತೆಂದು ಅವಳ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುವುದು ಸರ್ವಥಾ ಸಲ್ಲದು.

ಹಾರ್ಮೋನು ಸಲ್ಲದವರಿಗೂ ದಾರಿ ಇದೆ. ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳು ಕಡಿಮೆ ಪ್ರಮಾಣದಲ್ಲಿ ಮೈಬಿಸಿಯನ್ನು ತಗ್ಗಿಸುತ್ತವೆ. ಮಿದುಳಿನ ಉಷ್ಣತಾ ಕೇಂದ್ರದ ಮೇಲೆಯೇ ಕೆಲಸ ಮಾಡುವ ಹಾರ್ಮೋನಲ್ಲದ ಹೊಸ ಮದ್ದು ಫೆಜೊಲಿನೆಟಾಂಟ್ ಅನ್ನು ಅಮೆರಿಕ 2023ರಲ್ಲಿ ಒಪ್ಪಿತು. ಆದರೆ ಅಪರೂಪಕ್ಕೆ ಅದು ಯಕೃತ್ತಿಗೆ ಹಾನಿ ಮಾಡುತ್ತದೆಂದು 2024ರ ಡಿಸೆಂಬರಿನಲ್ಲಿ ಅದಕ್ಕೂ ಕಪ್ಪು ಚೌಕಟ್ಟು ಬಂತು. ಹೊಸದೆಂದು ಹಿಗ್ಗುವಂತೆಯೂ ಇಲ್ಲ, ಹಳೆಯದೆಂದು ಹೀಗಳೆಯುವಂತೆಯೂ ಇಲ್ಲ.

ಎಲ್ಲ ದಣಿವನ್ನೂ ಮುಟ್ಟಿನ ಲೆಕ್ಕಕ್ಕೆ ಬರೆಯುವುದೂ ತಪ್ಪು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆಗಳೂ ಇದೇ ವಯಸ್ಸಿನಲ್ಲಿ ಇದೇ ವೇಷದಲ್ಲಿ ಬರುತ್ತವೆ. ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುಖ್ಯವಾಗಿ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಹಾಗೆ ಬರುವವರಲ್ಲಿ ಹತ್ತಕ್ಕೆ ಸುಮಾರು ಒಬ್ಬರಲ್ಲಿ ಗರ್ಭಕೋಶದ ಕ್ಯಾನ್ಸರ್ ಇರುತ್ತದೆ. ಬೇಗ ಸಿಕ್ಕಿದರೆ ಗುಣವಾಗುವ ಕ್ಯಾನ್ಸರ್ ಅದು. ನಾಚಿಕೆಯಿಂದ ಆರು ತಿಂಗಳು ಕಳೆಯುವುದಕ್ಕೆ ಇಲ್ಲಿ ತೆರಬೇಕಾದ ಬೆಲೆ ಪ್ರಾಣ.

ನೆಗಡಿಗೆ ಮೂಗು ಕೊಯ್ದ ಕಥೆ

ಅಮೆರಿಕದಲ್ಲಿ ಚರ್ಚೆ ಗುಳಿಗೆಯ ಸುತ್ತ ನಡೆದಿದ್ದರೆ, ನಮ್ಮ ದೇಶದಲ್ಲಿ ಈ ವಯಸ್ಸಿನ ಹೆಂಗಸರ ದೊಡ್ಡ ಅಪಾಯ ಬೇರೆಯೇ ಇದೆ. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ರಕ್ತಸ್ರಾವ ಹೆಚ್ಚಾದಾಗ ‘ಗರ್ಭಕೋಶ ತೆಗೆದುಬಿಡಿ, ಇನ್ನು ಅದರಿಂದ ಏನು ಉಪಯೋಗ’ ಎಂಬ ಮಾತು ಕೇಳಿಬರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇಕಡಾ ಮೂರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಆಂಧ್ರ, ತೆಲಂಗಾಣಗಳಲ್ಲಿ ಈ ಪ್ರಮಾಣ ಇದರ ಎರಡು ಪಟ್ಟಿಗೂ ಮಿಕ್ಕಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರನ್ನು 2019ರಲ್ಲಿ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ತಪ್ಪುತ್ತದೆ, ದಂಡವೂ ಬೀಳುತ್ತದೆ ಎಂಬುದು ಅಲ್ಲಿ ಕೇಳಿಬಂದ ಕಾರಣ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ. ಮೂವತ್ತೈದರ ಹೆಂಗಸು ಐವತ್ತರ ಮೈಯನ್ನು ಹೊರಬೇಕಾಗುತ್ತದೆ. ಎಲುಬು ಬೇಗ ಸವೆಯುತ್ತದೆ, ಹೃದಯರೋಗದ ಸಂಭವ ಹೆಚ್ಚುತ್ತದೆ. ಇಂಥವರಿಗೆ, ಮತ್ತು ನಲವತ್ತಕ್ಕೆ ಮೊದಲೇ ತಾನಾಗಿ ಮುಟ್ಟು ನಿಂತವರಿಗೆ, ಅಡ್ಡಿಯಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂಬುದು ತಜ್ಞರ ಒಮ್ಮತ. ವಿಪರ್ಯಾಸವೆಂದರೆ, ಹಾರ್ಮೋನು ಎಲ್ಲರಿಗಿಂತ ಹೆಚ್ಚು ಬೇಕಾದ ಈ ಬಡ ಹೆಂಗಸರಿಗೇ ಅದರ ಹೆಸರೂ ತಿಳಿದಿಲ್ಲ. ಶಸ್ತ್ರಕ್ರಿಯೆಯ ಹೊತ್ತಿಗೆ ‘ಅಂಡಾಶಯ ಉಳಿಸಿದ್ದೀರಾ?’ ಎಂದು ವೈದ್ಯರನ್ನು ಕೇಳಿ ಬರೆಯಿಸಿಕೊಳ್ಳುವಷ್ಟು ತಿಳಿವಳಿಕೆ ಪ್ರತಿ ಮನೆಗೆ ಬೇಕು.

ಎರಡು ಭಾಷೆಯ ನಡುವೆ ಹೆಣ್ಣಿನ ನೋವು

ಕಾಸರಗೋಡಿನ ಕನ್ನಡ ಹೆಂಗಸಿಗೆ ಇನ್ನೊಂದು ಹೊರೆ ಇದೆ. ಜ್ವರ, ಕೆಮ್ಮು ಎಂದು ಮಲೆಯಾಳದಲ್ಲಿ ಹೇಳಲು ಯಾರಿಗೂ ಕಷ್ಟವಿಲ್ಲ. ಆದರೆ ಯೋನಿಯ ಉರಿ, ಗಂಡನ ಜೊತೆಗಿನ ನೋವು, ಕಾರಣವಿಲ್ಲದ ಅಳು ಇವನ್ನು ತಾಯಿಮಾತಿನಲ್ಲಿಯೇ ಹೇಳಲು ನಾಲಗೆ ಏಳುವುದಿಲ್ಲ. ಪರಭಾಷೆಯಲ್ಲಿ ಹೇಗೆ ಹೇಳಿಯಾಳು? ಮಗನನ್ನೋ ಅಳಿಯನನ್ನೋ ದುಭಾಷಿಯಾಗಿ ಕರೆದುಕೊಂಡು ಹೋದರೆ ಹೇಳಬೇಕಾದ ಮಾತು ಗಂಟಲಿನಲ್ಲೇ ಉಳಿಯುತ್ತದೆ. ಕೊನೆಗೆ ‘ಬೆನ್ನು ನೋವು’ ಎಂದು ಹೇಳಿ ನೋವಿನ ಗುಳಿಗೆ ತಂದು ಬರುತ್ತಾಳೆ.

ಸೌಕರ್ಯವಿದ್ದವರು ಮಂಗಳೂರಿಗೆ ಹೋಗುತ್ತಾರೆ, ಅಲ್ಲಿ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಾತಾಡುತ್ತಾರೆ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಆ ದಾರಿ ಎಷ್ಟು ತೆಳುವೆಂಬುದನ್ನು ನಾವೆಲ್ಲ ಕಂಡಿದ್ದೇವೆ. ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಊರಿನ ಆರೋಗ್ಯ ಕೇಂದ್ರವೇ ಆಸರೆಯಾಗಬೇಕು.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಒಪ್ಪಿಕೊಂಡಿತ್ತು. ಕಂದಾಯದ ಕಾಗದಕ್ಕೆ ಕೇಳಿದ ಆ ಹಕ್ಕನ್ನು ಮೈಯ ನೋವಿಗೆ ನಾವು ಏಕೆ ಕೇಳಬಾರದು? ಕನ್ನಡದ ಹೋರಾಟವೆಂದರೆ ಶಾಲೆಯ ಹುದ್ದೆ ಮತ್ತು ಬಸ್ಸಿನ ಬೋರ್ಡು ಮಾತ್ರವಲ್ಲ. ನಮ್ಮ ಹೆಂಗಸರು ತಮ್ಮ ಮೈಯ ಸಂಗತಿಯನ್ನು ತಮ್ಮ ಮಾತಿನಲ್ಲಿ ಹೇಳಿ, ತಮ್ಮ ಮಾತಿನಲ್ಲಿ ಉತ್ತರ ಪಡೆಯುವುದೂ ಅದರಲ್ಲಿ ಸೇರಬೇಕು.

ಮಾಡಬಹುದಾದುದು

ಇದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಎಲೆಯ ಕನ್ನಡ ಕರಪತ್ರ ಸಾಕು: ಲಕ್ಷಣಗಳು, ಯಾವಾಗ ವೈದ್ಯರಿಗೆ ತೋರಿಸಬೇಕು, ಹಾರ್ಮೋನು ಯಾರಿಗೆ ಸಲ್ಲ, ಗರ್ಭಕೋಶ ತೆಗೆಯಬೇಕೆಂದು ಹೇಳಿದರೆ ಏನನ್ನು ಕೇಳಬೇಕು. ಅದನ್ನು ಪಂಚಾಯತುಗಳು ಅಚ್ಚು ಹಾಕಿಸಬಹುದು. ಕುಟುಂಬಶ್ರೀ ಸಂಘಗಳ ವಾರದ ಸಭೆಯಲ್ಲಿ ಆಶಾ ಕಾರ್ಯಕರ್ತೆ ಅದನ್ನು ಓದಿ ಹೇಳಬಹುದು. ಕನ್ನಡ ಬಲ್ಲ ನರ್ಸ್ ಒಬ್ಬರು ವಾರಕ್ಕೊಂದು ದಿನ ಈ ವಯಸ್ಸಿನವರ ಮಾತು ಕೇಳಲು ಕುಳಿತರೆ ಅರ್ಧ ಹೊರೆ ಇಳಿದೀತು. ಪ್ರತಿ ವರ್ಷ ಅಕ್ಟೋಬರ್ 18ನ್ನು ವಿಶ್ವ ಋತುಬಂಧ ದಿನವಾಗಿ ಆಚರಿಸುತ್ತಾರೆ. ನಮ್ಮ ಗ್ರಂಥಾಲಯಗಳೂ ಮಹಿಳಾ ಸಮಾಜಗಳೂ ಅಂದು ಒಬ್ಬ ವೈದ್ಯೆಯನ್ನು ಕರೆದು ಮಾತಾಡಿಸಬಹುದು.

ಮನೆಯಲ್ಲಿಯೂ ಮಾಡುವುದಿದೆ. ರಾಗಿ, ಎಳ್ಳು, ಮಜ್ಜಿಗೆ, ಮೀನು ತಿನ್ನುವವರಿಗೆ ಮುಳ್ಳು ಸಮೇತ ಬೆಂದ ಸಣ್ಣ ಮೀನು ಎಲುಬಿಗೆ ಒಳ್ಳೆಯದು. ಬೆಳಗ್ಗಿನ ನಡಿಗೆ, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಎಲುಬನ್ನೂ ನಿದ್ದೆಯನ್ನೂ ಕಾಯುತ್ತವೆ. ಮುಟ್ಟು ಪೂರ್ತಿ ನಿಲ್ಲುವ ತನಕ ಗರ್ಭ ನಿಲ್ಲುವ ಸಂಭವ ಇದೆ ಎಂಬುದನ್ನು ದಂಪತಿಗಳು ಮರೆಯಬಾರದು. ಎಲ್ಲಕ್ಕಿಂತ ಮೇಲಾಗಿ ಗಂಡ, ಮಕ್ಕಳು, ಅತ್ತೆ ಇವರು ‘ಇವಳಿಗೆ ಈಗೀಗ ಸಿಟ್ಟು ಜಾಸ್ತಿ’ ಎಂದು ದೂರುವ ಬದಲು ‘ನಿನಗೆ ನಿದ್ದೆ ಬರುತ್ತದಾ?’ ಎಂದು ಒಂದು ಮಾತು ಕೇಳಬೇಕು.

ಇಪ್ಪತ್ತೆರಡು ವರ್ಷ ಒಂದು ಕಪ್ಪು ಚೌಕಟ್ಟು ಹೆದರಿಸಿತು. ಅದು ಹೋದುದರಿಂದ ಔಷಧಿಯ ಗುಣ ಬದಲಾಗಲಿಲ್ಲ. ಅಂದು ಇದ್ದ ಲಾಭ, ಅಂದು ಇದ್ದ ಅಪಾಯ ಇಂದೂ ಇವೆ. ಬದಲಾದುದು ಒಂದೇ: ತೀರ್ಮಾನದ ಹೊಣೆ ಚೌಕಟ್ಟಿನಿಂದ ವೈದ್ಯರ ಮತ್ತು ಆ ಹೆಂಗಸಿನ ಮಾತುಕತೆಗೆ ಬಂದಿದೆ. ಆ ಮಾತುಕತೆ ನಡೆಯಬೇಕಾದರೆ ಅವಳಿಗೆ ತಿಳಿವಳಿಕೆ ಬೇಕು, ಅವಳ ಭಾಷೆ ಬೇಕು, ಮಾತಾಡುವ ಧೈರ್ಯ ಬೇಕು. ಮೊದಲಿನ ಎರಡನ್ನು ಸರಕಾರದಿಂದ ಕೇಳಿ ಪಡೆಯೋಣ. ಮೂರನೆಯದನ್ನು ಮನೆಯವರೇ ಕೊಡಬೇಕು.